ಭಾಮಿನಿ ಷಟ್ಪದಿಯಲ್ಲಿ ಫಿಬೊನಾಚಿ ಸಂಖ್ಯೆಗಳಿವೆಯೆ?

ಪ್ರಶ್ನೆ: ಪದ್ಯದ ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಲೆಕ್ಕದಲ್ಲಿ 1, 2, 3, 5, 8 ಎಂದು ಹಿಂದಿನೆರಡನ್ನು ಕೂಡುತ್ತ ಹೋಗುವ ಫಿಬೊನಾಚಿ ಸಂಖ್ಯೆಗಳು ಅಡಗಿವೆ ಎನ್ನುತ್ತಾರೆ. ಶಿವಮೊಗ್ಗದ ಹತ್ತಿರ ಹೊಸಹಳ್ಳಿಯ ಗಮಕದಲ್ಲಿ, ಅಂದರೆ ರಾಗವಾಗಿ ಕಾವ್ಯ ಓದುವಲ್ಲಿ, ಕೇಳುವ ಆರು ಸಾಲಿನ ಭಾಮಿನಿ ಷಟ್ಪದಿಗೂ ಈ ಮಾತು ಒಪ್ಪುತ್ತದೆಯೆ?

ಉತ್ತರ: ಅರ್ಧ ಒಪ್ಪುತ್ತದೆ. ಬರೀ ಮಾತ್ರೆ ಎಣಿಸಿದರೆ ಆ ಸಂಖ್ಯೆಗಳೇ ಸಿಗುತ್ತವೆ. ಮಾತ್ರೆಗಳನ್ನು ಗುಂಪು ಮಾಡುವ ಗಣದ ಕಟ್ಟು ಬಿದ್ದ ಕೂಡಲೇ ಅವು ಹೋಗಿ, ಬೇರೊಂದು ಲೆಕ್ಕ ಬಂದು ಕೂರುತ್ತದೆ. ಅದು ಇನ್ನೂ ಚೆಂದ.

ಮೊದಲು ಎಣಿಕೆ ಸರಿಯಾಗಬೇಕು. ಹ್ರಸ್ವಾಕ್ಷರ ಲಘು, ಅದಕ್ಕೆ 1 ಮಾತ್ರೆ. ದೀರ್ಘಾಕ್ಷರ, ಐ-ಔ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು, 2 ಮಾತ್ರೆ. ಬಹಳ ಜನ ಎಡವುವುದು ಒತ್ತಕ್ಷರದಲ್ಲಿ. ಒತ್ತು ಇರುವ ಅಕ್ಷರವನ್ನೇ ಗುರು ಮಾಡಿಬಿಡುತ್ತಾರೆ. ‘ಕೊಪ್ಪ’ದಲ್ಲಿ ಗುರುವಾಗುವುದು ‘ಕೊ’, ‘ಪ್ಪ’ ಲಘುವೇ. ಒಟ್ಟು 3. ಇನ್ನೊಂದು ತಪ್ಪೆಂದರೆ ಗಮಕಿಯ ಹಾಡಿಕೆ ಕೇಳುತ್ತ ಎಣಿಸುವುದು. ರಾಗಕ್ಕಾಗಿ ಲಘುವನ್ನೂ ಎಳೆಯುತ್ತಾರೆ, ಅರ್ಥ ಬಿಡಿಸಲೆಂದು ಪದವನ್ನು ಬೇಕಾದಲ್ಲಿ ನಿಲ್ಲಿಸುತ್ತಾರೆ. ಎಣಿಸುವಾಗ ಪುಸ್ತಕ ಎದುರಿಗಿರಲಿ.

ಈಗ 4 ಮಾತ್ರೆಯ ಜಾಗವನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ 3 ಮಾತ್ರೆ ಉಳಿಯುತ್ತದೆ, ಗುರುವಾದರೆ 2. ಮೂರನ್ನು 3 ಬಗೆಯಲ್ಲಿ, ಎರಡನ್ನು 2 ಬಗೆಯಲ್ಲಿ ತುಂಬಬಹುದು, ಕೂಡಿದರೆ 5. ಹೀಗೆಯೇ ಹಿಂದಿನ ಎರಡನ್ನು ಕೂಡುತ್ತ ಹೋದರೆ 5 ಮಾತ್ರೆಗೆ 8, 6ಕ್ಕೆ 13, 7ಕ್ಕೆ 21. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ. ಜೈನ ವಿದ್ವಾಂಸ ಹೇಮಚಂದ್ರ ಸುಮಾರು 1150ರಲ್ಲೇ ಈ ಕೂಡಿಕೆಯನ್ನು ಹೇಳಿದ್ದ; ಅವನಿಗಿಂತ ಕೆಲವು ಶತಮಾನ ಮೊದಲೇ ವಿರಹಾಂಕ ಪ್ರಾಕೃತ ಛಂದಸ್ಸಿನ ಗ್ರಂಥದಲ್ಲಿ ಹೇಳಿದ್ದ. ಇಬ್ಬರ ಮುಂದೆಯೂ ಇದ್ದದ್ದು ಪದ್ಯದ ಮಾತ್ರೆಗಳೇ.

ಭಾಮಿನಿಯ ಕಟ್ಟು ನೋಡಿ. 1, 2, 4, 5ನೇ ಸಾಲು 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, 23 ಮಾತ್ರೆ. ಇಡೀ ಪದ್ಯಕ್ಕೆ 102. ಆ ಕೊನೆಯ ಜಾಗದಲ್ಲಿ ಲಘು ಬಂದರೂ ಗುರುವೆಂದೇ ಲೆಕ್ಕ.

3+4 ಎಂದರೆ ತಕಿಟ ತಕದಿಮಿ. ತೊಡೆಯ ಮೇಲೆ ‘ತಕಿಟ’ದ ‘ತ’ಗೊಂದು, ‘ತಕದಿಮಿ’ಯ ‘ತ’ಗೊಂದು ತಟ್ಟು ಹಾಕಿ ‘ತೀರ್ಥಹಳ್ಳಿಯ’ ಎಂದು ಹೇಳಿನೋಡಿ. ‘ತೀರ್ಥ’ 3, ‘ಹಳ್ಳಿಯ’ 4. ಎರಡೂ ತಟ್ಟು ಅಕ್ಷರದ ತಲೆಯ ಮೇಲೆ ಬೀಳುತ್ತವೆ. ಇನ್ನು ‘ಆಗುಂಬೆ ಮಳೆ’. ಇದೂ 7 ಮಾತ್ರೆಯೇ, ಆದರೆ ಎರಡನೇ ತಟ್ಟು ‘ಗುಂ’ನ ನಡುಮಧ್ಯಕ್ಕೆ ಬೀಳುತ್ತದೆ. ಗುರುವನ್ನು ಸೀಳಿ ಅರ್ಧ ಆ ಗಣಕ್ಕೆ, ಅರ್ಧ ಈ ಗಣಕ್ಕೆ ಕೊಡುವ ಹಾಗಿಲ್ಲ. ಈ ಕಾರಣಕ್ಕೆ ಮೇಲಿನ 21 ಬಗೆಯಲ್ಲಿ 6 ಕಳೆದುಹೋಗಿ, 3 × 5 = 15 ಉಳಿಯುತ್ತವೆ. ಫಿಬೊನಾಚಿ ಕೈಬಿಡುವುದು ಇಲ್ಲೇ.

ಮೇಲೆ ಇನ್ನೊಂದು ಕಟ್ಟುಪಾಡು: ಗಣದ ಮೊದಲಿಗೆ ಲಘು, ಅದರ ಬೆನ್ನಿಗೇ ಗುರು ಬರಬಾರದು. ತಟ್ಟು ಹಗುರ ಅಕ್ಷರದ ಮೇಲೆ ಬಿದ್ದು ಭಾರವೆಲ್ಲ ಪಕ್ಕದ್ದಕ್ಕೆ ಸರಿದರೆ ನಡೆ ಕುಂಟುತ್ತದೆ. ಮಲೆನಾಡಿನ ಕವಿಗೆ ಇದು ಸಣ್ಣ ತೊಡಕಲ್ಲ, ಏಕೆಂದರೆ ‘ಶರಾವತಿ’ ಶುರುವಾಗುವುದೇ ಹಾಗೆ. ಸಾಲಿನ ಮೊದಲಿಗೆ ಅವಳನ್ನು ಕೂರಿಸಲು ಬರುವುದಿಲ್ಲ. ಉಪಾಯವೆಂದರೆ ‘ಶ’ವನ್ನು ಹಿಂದಿನ ಗಣದ ಬಾಲಕ್ಕೆ ಕಟ್ಟುವುದು: ‘ಬಾ ಶ’ 3, ‘ರಾವತಿ’ 4. ‘ಬಾ ಶರಾವತಿ’ ಎಂದು ಕರೆದರೆ ಸಲೀಸಾಗಿ ಬರುತ್ತಾಳೆ. ‘ಶಿವಮೊಗ್ಗ’ದ್ದು ಬೇರೆ ತೊಡಕು. 3ರ ಗಣದಲ್ಲಿ ಶುರುಮಾಡಿದರೆ ‘ಮೊ’ ಸೀಳುತ್ತದೆ, 4ರ ಗಣದಲ್ಲಿ ಶುರುಮಾಡಿದರೆ ಸರಿಹೋಗುತ್ತದೆ. ‘ನಮ್ಮ ಶಿವಮೊಗ್ಗದಲಿ ಸುರಿಮಳೆ’ ಭಾಮಿನಿಯ ಒಂದು ಪೂರ್ತಿ ಸಾಲು: ನಮ್ಮ, ಶಿವಮೊ, ಗ್ಗದಲಿ, ಸುರಿಮಳೆ.

ಈ ಕಟ್ಟುಪಾಡಿನಿಂದ 3ರ ಗಣದಲ್ಲಿ 2 ಬಗೆ, 4ರ ಗಣದಲ್ಲಿ 4 ಬಗೆ ಉಳಿಯುತ್ತವೆ. 14 ಮಾತ್ರೆಯ ಸಾಲಿಗೆ ಬರೀ ಎಣಿಕೆಯಲ್ಲಿ 610 ಬಗೆ, ಗಣ ಹಾಕಿದರೆ 225, ಈಗ 64. ಪದ್ಯದಲ್ಲಿ 3ರ ಗಣ 14, 4ರ ಗಣವೂ 14. ಆದ್ದರಿಂದ ಒಟ್ಟು ಬಗೆಗಳು ಎರಡನ್ನು 42 ಸಲ ಗುಣಿಸಿದಷ್ಟು, ಸುಮಾರು 4 ಲಕ್ಷ 40 ಸಾವಿರ ಕೋಟಿ. ಎಲ್ಲವೂ ಇಮ್ಮಡಿಯ ಆಟ. ಎಲ್ಲ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಆದಿಪ್ರಾಸವೂ ಬಂತೆನ್ನಿ. ಆರೂ ಸಾಲಿನ ಮೊದಲ ಅಕ್ಷರ ಒಂದೇ ತೂಕದ್ದಾಗಬೇಕು, ಅಲ್ಲಿ ಐದು ಇಮ್ಮಡಿ ಕಳೆದುಹೋಗುತ್ತವೆ. ಆದರೂ 13,700 ಕೋಟಿಗೆ ಮೇಲೆಯೇ ಉಳಿಯುತ್ತದೆ. ಐದೈದು ಮಾತ್ರೆಯ ಗಣಗಳಿರುವ ವಾರ್ಧಕ ಷಟ್ಪದಿಗೆ ಈ ಇಮ್ಮಡಿಯ ಸೊಗಸಿಲ್ಲ. ಅಲ್ಲಿ ಗಣದ 8 ಬಗೆಯಲ್ಲಿ ಎರಡು ಹೋಗಿ 6 ಉಳಿಯುತ್ತವೆ.

ಇಷ್ಟು ವಿಶಾಲ ಜಾಗವಿದ್ದರೂ ಅಂಚಿನಲ್ಲಿ ಇಕ್ಕಟ್ಟಾಗುವುದುಂಟು. ಕುಮಾರವ್ಯಾಸನ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ. ‘ಶ್ರೀವನಿತೆಯರಸನೆ ವಿಮಲರಾ’ ಎಂಬುದು ಶ್ರೀವ, ನಿತೆಯರ, ಸನೆವಿ, ಮಲರಾ ಎಂದು ಬಿಡುತ್ತದೆ. ‘ರಾಜೀವ’ ಎರಡು ಸಾಲಿಗೆ ಹಂಚಿಹೋಗುತ್ತದೆ. ಪದ ಒಡೆದರೆ ಅವನಿಗೆ ಚಿಂತೆಯಿಲ್ಲ, ಗುರು ಒಡೆಯಬಾರದು ಅಷ್ಟೆ. ನಾಲ್ಕನೇ ಸಾಲು ‘ರಾವಣಾಸುರ ಮಥನ ಶ್ರವಣ ಸು’. ಹೊಸಬರು ಇಲ್ಲಿ ‘ಶ್ರ’ದ ಒತ್ತು ಕಂಡು ಹಿಂದಿನ ‘ನ’ವನ್ನು ಗುರು ಮಾಡುತ್ತಾರೆ, ಒಂದು ಮಾತ್ರೆ ಹೆಚ್ಚಾಗಿ ಲೆಕ್ಕ ಕೆಡುತ್ತದೆ. ಬೇರೆ ಪದದ ಮೊದಲಿಗೆ ಬಂದ ಆ ಒತ್ತನ್ನು ತೇಲಿಸಿ ಓದಬೇಕು, ಆಗ ‘ಮಥನ’ ಮೂರೇ ಮಾತ್ರೆ. ಕೊನೆಯ ಸಾಲು ‘ಕಾವುದಾನತ ಜನವ ಗದುಗಿನ ವೀರನಾರಯಣ’. ‘ನಾರಯಣ’ ಎಂಬುದು ಅಚ್ಚಿನ ತಪ್ಪಲ್ಲ. ‘ನಾರಾಯಣ’ ಎಂದು ಬರೆದರೆ ‘ನಾರಾ’ ಒಂದೇ ನಾಲ್ಕು ಮಾತ್ರೆ ನುಂಗಿ, ‘ಯಣ’ಕ್ಕೆ ಒಂದು ಮಾತ್ರೆ ಜಾಗ ಸಾಲದೆ ಹೋಗುತ್ತದೆ. ‘ರಾ’ದ ದೀರ್ಘ ತೆಗೆದ ಮೇಲೆ ವೀರ, ನಾರಯ, ಣ ಎಂದು ದೇವರ ಹೆಸರು ಗಣದೊಳಗೆ ಸರಿಯಾಗಿ ಕೂತಿದೆ.