ಕನ್ಸೋಲಿನ ಅಕ್ಷರ ಕಣ್ಣಿಗೆ ಕಾಣಬೇಕಲ್ವಾ?

ಗೆಳೆಯರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಅರ್ಧ ಬೂಟ್ ಆಗಿ ನಿಂತಿತ್ತು. ಕನ್ಸೋಲಿನ, ಅಂದರೆ ಬರೀ ಅಕ್ಷರಗಳೇ ಕಾಣುವ ಕಪ್ಪು ಪರದೆಯ ತುಂಬ ಸಾಲುಗಳು, ಓದಲು ಒಂದೂ ಆಗುತ್ತಿರಲಿಲ್ಲ. ಫೋನಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿದೆ. ಡಿಸ್ಕ್ ಹೆಸರಿನ ಕೊನೆಯಲ್ಲಿರುವುದು 'ಎ'ಯೋ 'ಬಿ'ಯೋ ಎಂದು ಖಚಿತವಾಗುವವರೆಗೆ ಕೀಬೋರ್ಡ್ ಮುಟ್ಟಲಿಲ್ಲ. ಅಲ್ಲಿ ಒಂದಕ್ಷರ ತಪ್ಪಿದರೂ ಬೇರೆ ಡಿಸ್ಕಿನ ಡೇಟಾ ಹೋಗಬಹುದು.

ಆ ಪರದೆ 14 ಇಂಚಿನದು, 3840×2160 ಚುಕ್ಕಿಗಳದ್ದು (ಪಿಕ್ಸೆಲ್), ಅಂದರೆ 4ಕೆ. ಕನ್ಸೋಲಿನ ಹಳೆಯ ಫಾಂಟ್‌ನಲ್ಲಿ ಒಂದು ಅಕ್ಷರದ ಮನೆ 8 ಚುಕ್ಕಿ ಅಗಲ, 16 ಚುಕ್ಕಿ ಎತ್ತರ. ಅಂದರೆ ಒಂದು ಸಾಲಿಗೆ 480 ಅಕ್ಷರ, ಒಟ್ಟು 135 ಸಾಲು! ಒಂದೊಂದು ಸಾಲಿನ ಎತ್ತರ ಬರೀ 1.3 ಮಿಲಿಮೀಟರ್. ಹಿಂದಿನ 14 ಇಂಚಿನ ಗಾಜಿನ ಮಾನಿಟರ್‌ನಲ್ಲಿ ಇದ್ದದ್ದೇ 25 ಸಾಲು, ಒಂದೊಂದೂ ಸುಮಾರು 8 ಮಿಲಿಮೀಟರ್. ಫಾಂಟ್ ಕೆಟ್ಟದ್ದೇನಲ್ಲ, ಚುಕ್ಕಿಗಳೇ ಸಣ್ಣವಾಗಿವೆ.

ಕೆಲವರು ರೆಸಲ್ಯೂಶನ್ ಇಳಿಸುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ಆದರೆ ಅಂಚು ಮಸುಕಾಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ಕನ್ಸೋಲಿನ ಫಾಂಟ್‌ಗಳನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿರುತ್ತಾರೆ, ಒಂದೊಂದು ಅಳತೆಗೂ ಬೇರೆ ಬೇರೆಯಾಗಿ. ಆದ್ದರಿಂದ ದೊಡ್ಡ ಅಳತೆಗೆಂದೇ ಬಿಡಿಸಿದ್ದನ್ನು ಹುಡುಕಬೇಕು.

ನಾನು ಮೊದಲು ಕೈ ಹಾಕುವುದು ಟರ್ಮಿನಸ್‌ಗೆ. ದಿಮಿತರ್ ಜೆಕೊವ್ ಮಾಡಿದ ಈ ಫಾಂಟ್ 12ರಿಂದ 32 ಚುಕ್ಕಿ ಎತ್ತರದವರೆಗೆ ಸಿಗುತ್ತದೆ. ಸೊನ್ನೆಯೂ ಇಂಗ್ಲಿಷಿನ 'ಓ'ವೂ, ಒಂದೂ ಸಣ್ಣ 'ಎಲ್'ಉ ಬೇರೆಬೇರೆಯಾಗಿ ಕಾಣುತ್ತವೆ. ಐಪಿ ವಿಳಾಸ, ಪಾಸ್‌ವರ್ಡ್ ಓದುವವರಿಗೆ ಇದು ಚಂದಕ್ಕಿಂತ ಮುಖ್ಯ. 4ಕೆ ಲ್ಯಾಪ್‌ಟಾಪ್‌ಗೆ 16×32 ಹಾಕುತ್ತೇನೆ. ಆಗ 240 ಅಕ್ಷರ, 67 ಸಾಲು. 1920×1080ರ ಮಾನಿಟರ್‌ಗೆ 12×24 ಸಾಕು. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನ ಕನ್ಸೋಲಿನಲ್ಲಿ ಬರುವ ಸ್ಪ್ಲೀನ್ ಫಾಂಟ್ ಕೂಡ ಒಳ್ಳೆಯದು, ಅದರಲ್ಲಿ 32×64 ಅಳತೆಯೂ ಇದೆ.

ಲಿನಕ್ಸಿನ ಬಗೆಗಳಾದ ಡೆಬಿಯನ್, ಉಬುಂಟುಗಳಲ್ಲಿ ಕನ್ಸೋಲ್-ಸೆಟಪ್ ಪ್ಯಾಕೇಜನ್ನು ಮತ್ತೆ ಕಾನ್ಫಿಗರ್ ಮಾಡಿದರೆ ಫಾಂಟನ್ನೂ ಅಳತೆಯನ್ನೂ ಅದೇ ಕೇಳುತ್ತದೆ. ಫೆಡೋರಾ, ಆರ್ಚ್‌ಗಳಲ್ಲಿ ಟರ್ಮಿನಸ್ ಪ್ಯಾಕೇಜ್ ಹಾಕಿಕೊಂಡು, ಕನ್ಸೋಲಿನ ಸೆಟ್ಟಿಂಗ್ ಇರುವ ವಿಕನ್ಸೋಲ್ ಕಡತದಲ್ಲಿ (/etc/vconsole.conf) ಅದರ ಹೆಸರು ಬರೆಯಬೇಕು. ಒಂದು ಫಾಂಟಿನಲ್ಲಿ 256 ಅಥವಾ 512 ಅಕ್ಷರರೂಪಗಳಿರಬಹುದು. 512ರದ್ದು ಆರಿಸಿದರೆ ಅಕ್ಷರದ ಬಣ್ಣ 16ರಿಂದ 8ಕ್ಕೆ ಇಳಿಯುತ್ತದೆ. ಬಣ್ಣ ಯಾಕೆ ಮಾಯವಾಯಿತು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಮುಖ್ಯ ಡಿಸ್ಕ್ ತೆರೆಯುವ ಮೊದಲೇ ಮೆಮೊರಿಗೆ ಬರುವ ಪುಟ್ಟ ಕಡತವ್ಯವಸ್ಥೆ ಇನಿಟ್‌ರಾಮ್‌ಎಫ್‌ಎಸ್, ಫಾಂಟ್ ಅದರ ಒಳಗೂ ಸೇರಬೇಕು. ಇಲ್ಲದಿದ್ದರೆ ಮುಖ್ಯ ಡಿಸ್ಕ್ ತೆರೆಯದೇ ಹೋದ ದಿನ, ದೊಡ್ಡ ಅಕ್ಷರ ನಿಜಕ್ಕೂ ಬೇಕಾದ ಹೊತ್ತಿಗೇ, ಆ ಫಾಂಟ್ ಕೈಗೆ ಸಿಗುವುದಿಲ್ಲ.

ಕನ್ನಡ ಕಾಣುತ್ತದಾ ಅಂತ ಜಾಸ್ತಿ ಜನ ಕೇಳುತ್ತಾರೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಇರುವುದು 128 ಜಾಗ, 512ರಲ್ಲಿ ಅವು ಹಿಡಿಯುತ್ತವೆ. ಆದರೆ ಲಿನಕ್ಸ್ ಕನ್ಸೋಲ್ ಒಂದು ಮನೆಗೆ ಒಂದು ಅಕ್ಷರ ಇಡುತ್ತದೆ ಅಷ್ಟೇ, ಒತ್ತಕ್ಷರ ಜೋಡಿಸಲು ಅದಕ್ಕೆ ಬರುವುದಿಲ್ಲ. ಕನ್ನಡ ಹೆಸರಿನ ಕಡತಗಳಿದ್ದರೆ ನಾನು ಇನ್ನೊಂದು ಕಂಪ್ಯೂಟರಿನ ಗ್ರಾಫಿಕಲ್ ಟರ್ಮಿನಲ್‌ನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕಿನಲ್ಲಿ ದೂರದಿಂದಲೇ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋಗುತ್ತೇನೆ.