ನಾಯಿ ಕಾಯಿಲೆ ಎಳೆದುಕೊಳ್ಳುವುದಿಲ್ಲ

ಅಕ್ಕ ಇರುವುದು ಅಮೆರಿಕದಲ್ಲಿ. ಅವಳ ಲ್ಯಾಬ್ರಡಾರ್ ಚಿನ್ನು ಹದಿನೈದು ದಿನಕ್ಕೊಮ್ಮೆ ಅವಳ ಜೊತೆ ವೃದ್ಧಾಶ್ರಮಕ್ಕೆ ಹೋಗುತ್ತದೆ. ಅಲ್ಲಿರುವವರು ಅದರ ಮೈ ಸವರುತ್ತಾರೆ, ಮಾತಾಡಿಸುತ್ತಾರೆ. ಇಬ್ಬರದ್ದೂ ಸಂಬಳವಿಲ್ಲದ ಸೇವೆ. ಇದನ್ನು ಕೇಳಿ ನಮ್ಮ ದೊಡ್ಡಮ್ಮ, "ಅಯ್ಯೋ, ಅವರ ಕಾಯಿಲೆಯೆಲ್ಲ ಆ ಮೂಕಪ್ರಾಣಿಗೆ ಸುತ್ತಿಕೊಳ್ಳುತ್ತಲ್ಲ!" ಎಂದು ಮರುಗಿದರು.

ಈ ನಂಬಿಕೆ ನಮ್ಮಲ್ಲಿ ಹಳೆಯದು. ಸಾಕಿದ ನಾಯಿ ಸತ್ತರೆ, ಮನೆಯವರಿಗೆ ಬರಬೇಕಿದ್ದ ಗಂಡಾಂತರ ಅದು ತಗೊಂಡು ಹೋಯಿತು ಅನ್ನುತ್ತಾರೆ. ಪ್ರೀತಿಯಿಂದ ಆಡುವ ಮಾತೇ. ಆದರೆ ಪಶುವೈದ್ಯರ ಹತ್ತಿರ ಕರೆದೊಯ್ಯಬೇಕಾದ ನಾಯಿ ಇದೇ ನಂಬಿಕೆಯಿಂದ ಮೂಲೆಯಲ್ಲಿ ನರಳುತ್ತಾ ಬಿದ್ದಿರುತ್ತದೆ. ಅದಕ್ಕೇ ನನಗೆ ಸಂಕಟ.

ಸವರುವಾಗ ನಿಜಕ್ಕೂ ಏನಾಗುತ್ತದೆ ನೋಡೋಣ. 1939ರಲ್ಲಿ ಸ್ವೀಡನ್ನಿನ ಇಂಗ್ವೆ ಜೊಟ್ಟರ್‌ಮನ್ ಬೆಕ್ಕಿನ ಚರ್ಮದ ನರಗಳನ್ನು ಪರೀಕ್ಷಿಸುತ್ತಿದ್ದರು. ನೋವಿನ ಸುದ್ದಿ ಒಯ್ಯುವ ಸಣ್ಣ ನರತಂತುಗಳ ಜಾತಿಯಲ್ಲೇ ಕೆಲವು ಹಗುರವಾದ ಸ್ಪರ್ಶಕ್ಕೂ ಮಿಡಿಯುತ್ತಿದ್ದವು! ಮುಂದೆ ಮನುಷ್ಯರಲ್ಲೂ ಇವು ಸಿಕ್ಕವು. ಹೆಸರು ಸಿ-ಟ್ಯಾಕ್ಟೈಲ್ ತಂತು. ಕೂದಲಿರುವ ಚರ್ಮದಲ್ಲಿ ಇವುಗಳ ವಾಸ.

ಮುಟ್ಟಿದ್ದು ಎಲ್ಲಿ, ಎಷ್ಟು ಒತ್ತಿ ಎಂದು ತಿಳಿಸುವ ನರಗಳು ಎಕ್ಸ್‌ಪ್ರೆಸ್ ಬಸ್ಸಿನಂತೆ. ಈ ಸಿ-ಟ್ಯಾಕ್ಟೈಲ್ ತಂತುಗಳು ಹಳ್ಳಿಹಳ್ಳಿಗೂ ನಿಲ್ಲುವ ಶಟಲ್. ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ ಸಾಗುತ್ತವೆ. ಆದರೆ ತರುವುದು ಬೇರೆಯದೇ ಸುದ್ದಿ: "ಹಿತವಾಗಿದೆ". ಹಳೆಯ ರೇಡಿಯೊದಲ್ಲಿ ಮುಳ್ಳು ಸರಿಯಾದ ಜಾಗಕ್ಕೆ ಬಂದರೆ ಮಾತ್ರ ಹಾಡು ಕೇಳುತ್ತದಲ್ವಾ, ಹಾಗೆಯೇ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ ಇವು ಚೆನ್ನಾಗಿ ಮಿಡಿಯುತ್ತವೆ. ಗಸಗಸ ತಿಕ್ಕಿದರೆ ಸಪ್ಪೆ. ಮಗುವನ್ನು ಮಲಗಿಸಲು ಅಮ್ಮ ಬೆನ್ನು ಸವರುವ ವೇಗವೂ ಇದೇ. ಅವಳಿಗೆ ಯಾರೂ ಅಳತೆ ಕೊಟ್ಟಿರುವುದಿಲ್ಲ.

ಇನ್ನೊಂದು ಸೊಗಸು ಕೇಳಿ. ನಮ್ಮ ಅಂಗೈಯಲ್ಲಿ ಈ ತಂತುಗಳು ಬಹಳ ಕಡಿಮೆ. ಅಂದರೆ ಸವರುವ ಕೈಗಿಂತ ಮೊದಲು ಹಿತ ತಲುಪುವುದು ರೋಮದ ಮೈಗೆ. ಆಮೇಲೆ ನಾಯಿ ಒರಗಿಕೊಂಡು, ಮುಂಗೈಗೆ ಮೂತಿ ಉಜ್ಜಿ, ಅದನ್ನು ವಾಪಸ್ ಕೊಡುತ್ತದೆ. 2003ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಮನುಷ್ಯ ಮತ್ತು ನಾಯಿ ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ಮುದ್ದಾಟದ ನಂತರ, ನಂಟು ಬೆಸೆಯುವ ಹಾರ್ಮೋನು ಆಕ್ಸಿಟೋಸಿನ್ ಇಬ್ಬರಲ್ಲೂ ಏರಿತ್ತು. ದೊಡ್ಡಮ್ಮ ಹೇಳಿದಂತೆ ಒಂದು ಕೊಡದಿಂದ ಇನ್ನೊಂದಕ್ಕೆ ಸುರಿಯುವ ವ್ಯಾಪಾರವಲ್ಲ ಇದು. ದೀಪದಿಂದ ದೀಪ ಹಚ್ಚಿದ ಹಾಗೆ.

ಇದರಿಂದ ರೋಗ ವಾಸಿಯಾಗುತ್ತದೆ ಅಂತಲ್ಲ. ಮಾತ್ರೆ ಬಿಡುವಂತೆಯೂ ಇಲ್ಲ. ಮನಸ್ಸು ಸ್ವಲ್ಪ ಸಡಿಲವಾಗುತ್ತದೆ. ಕೆಲವೊಮ್ಮೆ ಅಷ್ಟೇ ದೊಡ್ಡದು. ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಹತ್ತಿರ ಯಾರೊಂದಿಗೂ ಬೆರೆಯದ ಹುಡುಗನೊಬ್ಬ ಒಂದು ದಿನ ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಅವರ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು. ಹುಡುಗ ಅದರ ಜೊತೆ ಆಡತೊಡಗಿದ. ಲೆವಿನ್ಸನ್ ಇದನ್ನು ಹೇಳಿದಾಗ ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕರು. 1962ರಲ್ಲಿ ಅವರು ಲೇಖನವನ್ನೇ ಬರೆದರು.

ನಾಯಿಗೆ ಇಷ್ಟವಿದ್ದರೆ ಮಾತ್ರ ಇದೆಲ್ಲ. ಹೇಳಿದ ಮಾತು ಕೇಳುವ ನಾಯಿ ಎಂದರೆ ಸಾಲದು, ಅಪರಿಚಿತರ ಕೈ ಅದಕ್ಕೆ ಬೇಕೆನಿಸಬೇಕು. ಇಂಥ ಭೇಟಿಗಳಿಗೆ ಸಾಕುಪ್ರಾಣಿಗಳನ್ನು ನೋಂದಾಯಿಸಿಕೊಳ್ಳುವ ಅಮೆರಿಕದ ಪೆಟ್ ಪಾರ್ಟ್‌ನರ್ಸ್ ಸಂಸ್ಥೆ ಪ್ರಾಣಿ ಮತ್ತು ಸಾಕಿದವರು ಇಬ್ಬರನ್ನೂ ಜೊತೆಯಾಗಿ ಪರೀಕ್ಷಿಸುತ್ತದೆ. ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ.

ಕಳೆದ ಬಾರಿ ನಾನೂ ಅಕ್ಕನ ಜೊತೆ ಹೋಗಿದ್ದೆ. ಅಜ್ಜಿಯೊಬ್ಬರು ಚಿನ್ನುವಿನ ಕಿವಿಯ ಹಿಂದಿನಿಂದ ಭುಜದವರೆಗೆ ಮೆಲ್ಲಗೆ ಸವರುತ್ತಿದ್ದರು. ಮಾತಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಚಿನ್ನು ಆಕಳಿಸಿತು, ತುಟಿ ನೆಕ್ಕಿಕೊಂಡಿತು, ಮುಖ ಆಚೆ ತಿರುಗಿಸಿತು. ನಾನು ನಿದ್ದೆ ಅಂದುಕೊಂಡೆ. ಅಕ್ಕ ತಕ್ಷಣ ಎದ್ದಳು. "ಸಾಕು ಅಂತ ಹೇಳ್ತಿದೆ," ಎಂದಳು. ಕಾರಿನ ಹತ್ತಿರ ಬಂದ ಮೇಲೆ ಚಿನ್ನು ಒಮ್ಮೆ ಮೈಯೆಲ್ಲ ಕೊಡವಿ, ಹಿಂದಿನ ಸೀಟು ಹತ್ತಿ ಮಲಗಿಬಿಟ್ಟಿತು.