ಲೈಬ್ರರಿ ಕೋಡ್ ಮನೆಯೊಳಗೆ ಇರಬೇಕಾ, ಹೊರಗಾ?

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಬೇರೆಯವರು ಬರೆದಿಟ್ಟ ಸಿದ್ಧ ಲೈಬ್ರರಿಗಳ ಕೋಡನ್ನು ನಮ್ಮ ರಿಪಾಸಿಟರಿಯಲ್ಲೇ (ನಮ್ಮ ಕೋಡ್ ಇಡುವ ಜಾಗದಲ್ಲೇ) ಕಾಪಿ ಮಾಡಿ ಇಟ್ಟುಕೊಳ್ಳೋದಾ, ಇಲ್ಲಾ ಬಿಲ್ಡ್ ಮಾಡುವಾಗ (ಕೋಡಿನಿಂದ ಆ್ಯಪ್ ಕಟ್ಟುವಾಗ) ಹೊರಗಿನಿಂದ ತರಿಸಿಕೊಳ್ಳೋದಾ?

ಹೊರಗಿನಿಂದಲೇ ತರಿಸಿಕೊಳ್ಳಿ. ಆದರೆ ಯಾವ ವರ್ಷನ್ ಬೇಕೆಂದು ಲಾಕ್ ಫೈಲಿನಲ್ಲಿ (ಪ್ರತಿ ಲೈಬ್ರರಿಯ ನಿಖರ ವರ್ಷನ್ ಬರೆದಿಡುವ ಫೈಲ್) ಕಟ್ಟಿಹಾಕಿ.

ಕಾಪಿ ಮಾಡಿಕೊಳ್ಳಿ ಅನ್ನುವವರು ಲೆಫ್ಟ್‌ಪ್ಯಾಡ್ ಕತೆ ಹೇಳುತ್ತಾರೆ. ಬರೀ 11 ಸಾಲಿನ ಜಾವಾಸ್ಕ್ರಿಪ್ಟ್ ಕೋಡ್ ಅದು. ಬರೆದವರು 2016ರ ಮಾರ್ಚ್‌ನಲ್ಲಿ ಅದನ್ನು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಮ್‌ನಿಂದ ತೆಗೆದುಬಿಟ್ಟರು. ಬಾಬೆಲ್‌ನಂಥ ದೊಡ್ಡ ಪ್ರಾಜೆಕ್ಟಿನ ಬಿಲ್ಡ್ ಕೂಡ ಮುರಿಯಿತು. ಬಾಬೆಲ್ ಅದನ್ನು ನೇರವಾಗಿ ಕರೆಯುತ್ತಲೂ ಇರಲಿಲ್ಲ, ತಾನು ಬಳಸುತ್ತಿದ್ದ ಇನ್ನೊಂದು ಲೈಬ್ರರಿಯ ಬೆನ್ನಿಗೆ ಅಂಟಿಕೊಂಡು ಬಂದಿತ್ತು! ಲಾಕ್ ಫೈಲ್ ಇದಕ್ಕೆ ಮದ್ದಲ್ಲ ನಿಜ. ಇಂಥ ಭಯವಿದ್ದರೆ ಪ್ಯಾಕೇಜುಗಳ ಒಂದು ಕ್ಯಾಶ್ (ಒಮ್ಮೆ ತಂದು ಉಳಿಸಿಟ್ಟ ಪ್ರತಿ) ನಿಮ್ಮದೇ ಸರ್ವರಿನಲ್ಲಿರಲಿ.

ಇನ್ನೊಂದು ಕತೆ 2023ರ ಸೆಪ್ಟೆಂಬರಿನದು. ವೆಬ್‌ಪಿ ಚಿತ್ರಗಳನ್ನು ಬಿಚ್ಚುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಭದ್ರತೆಯ ದೊಡ್ಡ ತೂತು ಸಿಕ್ಕಿತು. ಬೇಕೆಂದೇ ಕೆಡಿಸಿದ ಒಂದು ಚಿತ್ರ ತೆರೆದುಕೊಂಡರೆ ಸಾಕು, ಮೆಮೊರಿಯಲ್ಲಿ ಬರೆಯಬಾರದ ಕಡೆ ಬರೆಯುತ್ತಿತ್ತು. ಲಿನಕ್ಸ್‌ನಲ್ಲಿ ಸಿಸ್ಟಮ್ಮಿನ ಲಿಬ್‌ವೆಬ್‌ಪಿ ಬಳಸುತ್ತಿದ್ದ ಪ್ರೋಗ್ರಾಮುಗಳಿಗೆಲ್ಲ ಒಂದೇ ಪ್ಯಾಕೇಜ್ ಅಪ್‌ಡೇಟ್ ಸಾಕಾಯಿತು. ಆದರೆ ಕ್ರೋಮ್ ಮತ್ತು ಫೈರ್‌ಫಾಕ್ಸ್ ತಮ್ಮದೇ ಕಾಪಿ ಇಟ್ಟುಕೊಂಡಿದ್ದವು. ವೆಬ್ ತಂತ್ರಜ್ಞಾನದಿಂದ ಡೆಸ್ಕ್‌ಟಾಪ್ ಆ್ಯಪ್ ಮಾಡುವ ಎಲೆಕ್ಟ್ರಾನ್ ಮೇಲೆ ಕಟ್ಟಿದ ಪ್ರತಿಯೊಂದು ಆ್ಯಪ್ ಒಳಗೂ ಒಂದೊಂದು ಕಾಪಿ. ಬ್ರೌಸರಿನವರ ಹತ್ತಿರ ಜನ ಇದ್ದಾರೆ, ಬೇಗ ಸರಿಮಾಡಿದರು. ಉಳಿದವರು ಒಬ್ಬೊಬ್ಬರಾಗಿ ಹೊಸ ವರ್ಷನ್ ಬಿಡಬೇಕಾಯಿತು. ಕೆಲವರಿಗೆ ತಮ್ಮ ಆ್ಯಪಿನೊಳಗೆ ಲಿಬ್‌ವೆಬ್‌ಪಿ ಇದೆ ಅನ್ನುವುದೇ ಗೊತ್ತಿರಲಿಕ್ಕಿಲ್ಲ, ಅಲ್ವಾ?

ನಾಲ್ಕು ಜನರ ತಂಡ ಹೆದರಬೇಕಾದದ್ದು ಇದಕ್ಕೆ. ಬಿಲ್ಡ್ ಮುರಿದರೆ ಅವತ್ತೇ ಗೊತ್ತಾಗುತ್ತದೆ. ಹಳೇ ಕಾಪಿಯಲ್ಲಿನ ತೂತು ಸುಮ್ನೆ ಕೂತಿರುತ್ತದೆ.

ಹಾಗಂತ ಕಾಪಿ ಮಾಡುವುದೇ ತಪ್ಪಲ್ಲ. ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯೂಲೈಟ್‌ನವರು ತಮ್ಮ ನೂರಕ್ಕೂ ಹೆಚ್ಚು ಸೋರ್ಸ್ ಫೈಲುಗಳನ್ನು ಸಿ ಭಾಷೆಯ ಒಂದೇ ಫೈಲಾಗಿ ಹೊಲಿದು ಕೊಡುತ್ತಾರೆ. ಪ್ರಾಜೆಕ್ಟಿಗೆ ಹಾಕಿಕೊಳ್ಳಿ ಎಂದು ಅವರೇ ಹೇಳುತ್ತಾರೆ. ಕಂಪೈಲರಿಗೆ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮಿಗೆ) ಎಲ್ಲವೂ ಒಟ್ಟಿಗೆ ಕಾಣುವುದರಿಂದ ಸ್ವಲ್ಪ ಜಾಸ್ತಿ ವೇಗವೂ ಸಿಗುತ್ತದೆ. ನಿಮಗೆ ಬೇಕಾದ, ಉದಾಹರಣೆಗೆ ಹುಡುಕಾಟದಂಥ, ಎಸ್‌ಕ್ಯೂಲೈಟ್ ಸೌಲಭ್ಯ ಬಳಕೆದಾರರ ಸಿಸ್ಟಮ್ಮಿನಲ್ಲಿ ಇದೆಯೋ ಇಲ್ಲವೋ ಎಂಬ ತಲೆನೋವೂ ಇಲ್ಲ.

ಕಾಪಿ ಮಾಡಿದರೆ ಅದನ್ನು ಬೇರೆ ಫೋಲ್ಡರಿನಲ್ಲಿಡಿ. ಯಾವ ವರ್ಷನ್, ಎಲ್ಲಿಂದ ತಂದದ್ದು ಎಂದು ಪಕ್ಕದಲ್ಲೇ ಬರೆದಿಡಿ. ಲೈಸೆನ್ಸ್ ಫೈಲ್ ಬಿಸಾಡಬೇಡಿ. ಮುಖ್ಯವಾಗಿ, ಆ ಕೋಡಿಗೆ ನೇರವಾಗಿ ಕೈ ಹಾಕಬೇಡಿ. ತಿದ್ದಲೇಬೇಕಾದರೆ ತಿದ್ದುಪಡಿಯನ್ನು ಬೇರೆ ಪ್ಯಾಚ್ ಫೈಲಾಗಿ (ಬದಲಾದ ಸಾಲುಗಳನ್ನಷ್ಟೇ ಹೇಳುವ ಫೈಲ್) ಇಡಿ. ಅಲ್ಲೊಂದು ಇಲ್ಲೊಂದು ಸಾಲು ತಿದ್ದಿದ ಕಾಪಿಯನ್ನು ಹೊಸ ವರ್ಷನ್ನಿಗೆ ಏರಿಸಲು ಆರು ತಿಂಗಳಾದ ಮೇಲೆ ನಿಮ್ಮ ನಾಲ್ವರಲ್ಲಿ ಯಾರೂ ಮುಂದೆ ಬರುವುದಿಲ್ಲ.